ಮಳೆಗೆ ಗುರಿಯಿಲ್ಲ, ವೈರಿಗಿದೆ

ಸಂದೇಶ ಸಾಗಿಸುವ ಯಂತ್ರಗಳ ಬಗ್ಗೆ ಓದಿದವರೂ ಓದದವರೂ ಒಂದೇ ಧೈರ್ಯದಿಂದ ಹೇಳುವ ಮಾತೊಂದಿದೆ. ದಾರಿಯಲ್ಲಿ ತಪ್ಪು ನುಸುಳುವುದು ಸಹಜ, ಅದನ್ನು ತಿದ್ದಿಕೊಳ್ಳುವ ಗಣಿತ ಏಳೆಂಟು ದಶಕಗಳ ಹಿಂದೆಯೇ ಸಿದ್ಧವಾಗಿದೆ. ಒಂದು ಕೋಡ್ ನೂರಕ್ಕೆ ಹತ್ತು ತಪ್ಪನ್ನು ತಿದ್ದಬಲ್ಲದು ಎಂದಾದ ಮೇಲೆ ಆ ಹತ್ತು ತಪ್ಪು ಗುಡುಗು ಸಿಡಿಲಿನಿಂದ ಬಂತೋ, ಬೇಕೆಂದೇ ಕೆಡಿಸಲು ಕೂತವನಿಂದ ಬಂತೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ತಪ್ಪು ತಪ್ಪೇ, ಎಣಿಕೆ ಎಣಿಕೆಯೇ. ಸಾಲದಿದ್ದರೆ ಇನ್ನೂ ಬಲವಾದ ಕೋಡ್ ಹಾಕಬೇಕು, ಟವರಿನ ಶಕ್ತಿ ಹೆಚ್ಚಿಸಬೇಕು, ಮುಗಿಯಿತು. ಈ ನಂಬಿಕೆಯ ಅರ್ಧ ಭಾಗ ನಿಜ, ಅದಕ್ಕೇ ಉಳಿದರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪು ತಿದ್ದುವ ಕೋಡ್ ಗದ್ದಲವನ್ನು ಗೆಲ್ಲುತ್ತದೆ, ವೈರಿಯನ್ನಲ್ಲ. ಬೇರೆ ಉಪಾಯಗಳಿಂದ ವೈರಿಯನ್ನು ಗದ್ದಲದ ಮಟ್ಟಕ್ಕೆ ಇಳಿಸಿದ ಮೇಲಷ್ಟೇ ಕೋಡಿನ ಕೆಲಸ ಶುರುವಾಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ತಾಲೂಕಿನಲ್ಲಿ ಆಟಿ ತಿಂಗಳ ಮಳೆ ಹೊಡೆಯುವಾಗ ಮನೆಯ ಡಿಶ್ ಟಿವಿ ಚೌಕ ಚೌಕವಾಗಿ ಒಡೆದು, ಸ್ವಲ್ಪ ಹೊತ್ತಿಗೆ ಪೂರ್ತಿ ನಿಂತುಬಿಡುವುದು ಎಲ್ಲರೂ ಕಂಡದ್ದೇ. ಡಿಶ್‌ಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಹನಿಗಳ ಪರದೆ ಅದನ್ನು ಹೀರುತ್ತದೆ, ಚದುರಿಸುತ್ತದೆ. ಆದರೆ ಗಮನಿಸಬೇಕಾದದ್ದು ಜಡಿಮಳೆಗೆ ಚಿತ್ರ ನಿಂತದ್ದನ್ನಲ್ಲ, ಸಾಧಾರಣ ಮಳೆಯಲ್ಲಿ ಅದು ಒಂದು ಚುಕ್ಕೆಯೂ ಕೆಡದೆ ಬಂದದ್ದನ್ನು. ಹಳೆಯ ಡಿವಿಬಿ-ಎಸ್ ಪದ್ಧತಿಯಲ್ಲಿ ಪ್ರತಿ 188 ಬೈಟ್‌ಗೆ 16 ಬೈಟ್ ಹೆಚ್ಚುವರಿ ಸೇರಿಸಿ 204 ಮಾಡಿ ಕಳುಹಿಸುತ್ತಾರೆ. ಆ 204ರಲ್ಲಿ ಯಾವ 8 ಬೈಟ್ ಕೆಟ್ಟರೂ ಮೂಲವನ್ನು ಲೆಕ್ಕ ಹಾಕಿ ಮರಳಿ ಪಡೆಯಬಹುದು. ಇದು ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ಕೊಟ್ಟ ಕೋಡ್. ಅದೇ ವರ್ಷ ಭಾರತೀಯರಾದ ಆರ್. ಸಿ. ಬೋಸ್ ಮತ್ತು ರಾಯ್‌ಚೌಧುರಿ ಪ್ರಕಟಿಸಿದ ಇನ್ನೊಂದು ಕುಟುಂಬದ ಕೋಡ್‌ಗಳು, ಅವರಿಗಿಂತ ಒಂದು ವರ್ಷ ಮೊದಲು ಅದನ್ನೇ ಕಂಡಿದ್ದ ಹಾಕೆಂಗೆಮ್‌ರ ಹೆಸರನ್ನೂ ಸೇರಿಸಿಕೊಂಡು ಬಿಸಿಎಚ್ ಎನಿಸಿಕೊಂಡಿವೆ. ಈ ಗಣಿತ ಮಳೆಯ ಎದುರು ದಿನವೂ ಗೆಲ್ಲುತ್ತಿದೆ, ಅದನ್ನು ಅಲ್ಲಗಳೆಯುವ ಮಾತಿಲ್ಲ.

ಈ ಗೆಲುವಿನ ಕಾರಣವೇನು? ಮಳೆಗೆ ಗುರಿಯಿಲ್ಲ. ಯಾವ ಬೈಟ್ ಮುಖ್ಯ, ಯಾವುದು ಅಮುಖ್ಯ ಎಂದು ಹನಿಗೆ ತಿಳಿಯದು. ಕ್ಲಾಡ್ ಶ್ಯಾನನ್ 1948ರಲ್ಲಿ ಕಟ್ಟಿದ ಸಿದ್ಧಾಂತ ನಿಂತಿರುವುದು ಇದೇ ನೆಲದ ಮೇಲೆ: ಪ್ರತಿ ಬಿಟ್ ತಿರುಗುವ ಸಂಭವ ಇಷ್ಟು ಎಂದು ಗೊತ್ತಿದ್ದರೆ, ಉದ್ದನೆಯ ಕೋಡ್‌ಗಳಲ್ಲಿ ತಪ್ಪುಗಳು ಸರಾಸರಿಯ ಸುತ್ತಲೇ ಸುಳಿಯುತ್ತವೆ, ಆ ಸರಾಸರಿಗೆ ತಕ್ಕಷ್ಟು ಹೆಚ್ಚುವರಿ ಸೇರಿಸಿದರೆ ಸಂದೇಶ ಬಹುತೇಕ ಖಚಿತವಾಗಿ ತಲುಪುತ್ತದೆ. ಇದಕ್ಕಿಂತ ಭಿನ್ನವಾದ ಪ್ರಶ್ನೆಯನ್ನು 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಮುಂದಿಟ್ಟರು: ಇಂತಿಷ್ಟು ತಪ್ಪುಗಳು ಎಲ್ಲಿ ಬಿದ್ದರೂ, ಅತಿ ಕೆಟ್ಟ ಜಾಗದಲ್ಲೇ ಬಿದ್ದರೂ, ತಿದ್ದಲು ಬರುತ್ತದೆಯೆ? ಶ್ಯಾನನ್ ಕೇಳಿದ್ದು ಸಂಭವದ ಪ್ರಶ್ನೆ, ಹ್ಯಾಮಿಂಗ್ ಕೇಳಿದ್ದು ಖಾತ್ರಿಯ ಪ್ರಶ್ನೆ. ನಾನು ವಿರೋಧಿಸುತ್ತಿರುವ ನಂಬಿಕೆ ಮೊದಲನೆಯ ಪ್ರಶ್ನೆಯ ಉತ್ತರವನ್ನು ಎತ್ತಿ ಎರಡನೆಯದರ ಕೆಳಗೆ ಬರೆದುಬಿಡುತ್ತದೆ.

ಒಂದು ಸಣ್ಣ ಲೆಕ್ಕ ನೋಡೋಣ. ಅತಿ ಸರಳ ಕೋಡ್ ಎಂದರೆ ಪ್ರತಿ ಬಿಟ್ಟನ್ನೂ ಮೂರು ಸಲ ಕಳುಹಿಸಿ, ಬಹುಮತ ನೋಡುವುದು. 1000 ಬಿಟ್‌ಗಳ ಸಂದೇಶ 3000 ಆಗುತ್ತದೆ. ನೂರಕ್ಕೆ ಒಂದರಂತೆ ಬಿಟ್‌ಗಳು ತಮ್ಮಷ್ಟಕ್ಕೆ ತಿರುಗಿದರೆ, ಒಂದೇ ಗುಂಪಿನ ಮೂರರಲ್ಲಿ ಎರಡು ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಇಡೀ ಸಂದೇಶದಲ್ಲಿ ತಪ್ಪಾಗಿ ಉಳಿಯುವ ಬಿಟ್‌ಗಳ ಸರಾಸರಿ 0.3, ಎಂದರೆ ಮೂರು ಸಂದೇಶಕ್ಕೆ ಒಂದು ತಪ್ಪು. ಈಗ ಅದೇ ನೂರಕ್ಕೆ ಒಂದರ ಮಿತಿಯನ್ನು ಒಬ್ಬ ವೈರಿಯ ಕೈಗೆ ಕೊಡಿ. ಅವನಿಗೆ ಸಿಕ್ಕಿದ್ದು 30 ತಿರುಗಿಕೆ. ಅವನು ಅವನ್ನು ಚೆಲ್ಲಾಡುವುದಿಲ್ಲ. ಗುಂಪಿಗೆ ಎರಡರಂತೆ ಹಚ್ಚಿ ತನಗೆ ಬೇಕಾದ 15 ಬಿಟ್‌ಗಳನ್ನು ಖಂಡಿತವಾಗಿ ಕೆಡಿಸುತ್ತಾನೆ. ತಪ್ಪಿನ ಎಣಿಕೆ ಎರಡೂ ಕಡೆ ಒಂದೇ, ಹಾನಿ ಐವತ್ತು ಪಟ್ಟು. ಅಡಿಕೆ ತೋಟದ ಬೇಲಿಗೆ ಗಾಳಿ ಒಂದು ಪರೀಕ್ಷೆ, ಕಾಡುಹಂದಿ ಇನ್ನೊಂದು: ಗಾಳಿಯ ಎದುರು ಬೇಲಿಯ ಸರಾಸರಿ ಗಟ್ಟಿತನ ಸಾಕು, ಹಂದಿ ಹುಡುಕುವುದು ಅತಿ ಸಡಿಲವಾದ ಒಂದೇ ಕಂಡಿಯನ್ನು.

ಇದು ಮೂರು ಸಲ ಹೇಳುವ ಬಡ ಕೋಡಿನ ದೌರ್ಬಲ್ಯ, ಜಾಣ ಕೋಡ್ ಹಾಕಿದರೆ ಸರಿಹೋಗುತ್ತದೆ ಎನ್ನಬಹುದು. ಇಲ್ಲ, ಅಂತರ ಕೋಡಿನ ಗುಣಮಟ್ಟದ್ದಲ್ಲ, ಮಿತಿಯದ್ದೇ. ಎರಡು ಸಂದೇಶಗಳ ಕೋಡ್‌ರೂಪಗಳು ಎಷ್ಟು ಜಾಗಗಳಲ್ಲಿ ಬೇರೆಯಾಗಿವೆಯೋ ಅದನ್ನು ಅವುಗಳ ನಡುವಿನ ದೂರ ಎನ್ನೋಣ. ವೈರಿ ಆ ಜಾಗಗಳಲ್ಲಿ ಅರ್ಧವನ್ನು ತಿರುಗಿಸಿದರೆ ಪಡೆಯುವವನು ಎರಡರ ನಟ್ಟನಡುವೆ ನಿಂತುಬಿಡುತ್ತಾನೆ, ಯಾವ ಗಣಿತವೂ ಅವನಿಗೆ ದಾರಿ ತೋರಿಸಲಾರದು. ಸೊನ್ನೆ ಮತ್ತು ಒಂದರಲ್ಲಿ ಬರೆದ ಕೋಡ್‌ರೂಪಗಳು ಬಹಳ ಇದ್ದಾಗ ಅವೆಲ್ಲವನ್ನೂ ಪರಸ್ಪರ ಅರ್ಧ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಇಡಲು ಬರುವುದಿಲ್ಲ ಎಂದು ಪ್ಲಾಟ್ಕಿನ್ ತೋರಿಸಿದರು. ಅರ್ಧದ ಅರ್ಧ ಕಾಲು. ಹಾಗಾಗಿ ನೂರಕ್ಕೆ 25 ಬಿಟ್‌ಗಳನ್ನು ತನಗೆ ಬೇಕಾದ ಕಡೆ ತಿರುಗಿಸಬಲ್ಲ ವೈರಿಯ ಎದುರು ಒಂದೇ ಖಚಿತ ಉತ್ತರ ಕೊಡುವ ಉಪಯುಕ್ತ ಕೋಡ್ ಇರಲು ಸಾಧ್ಯವೇ ಇಲ್ಲ. ಆದರೆ ನೂರಕ್ಕೆ 30 ಬಿಟ್‌ಗಳು ಗುರಿಯಿಲ್ಲದೆ ತಿರುಗುವ ದಾರಿಯಲ್ಲಿ, ಶ್ಯಾನನ್ ಲೆಕ್ಕದಂತೆ, ಕಳುಹಿಸಿದ್ದರ ಸುಮಾರು 12 ಶೇಕಡದಷ್ಟು ನಿಜವಾದ ಸಂದೇಶವನ್ನು ದಾಟಿಸಬಹುದು. ಒಂದು ಕಡೆ ಹನ್ನೆರಡು, ಇನ್ನೊಂದು ಕಡೆ ಸೊನ್ನೆ. ಇನ್ನೂ ಮೆತ್ತನೆಯ ನೂರಕ್ಕೆ 11ರ ಮಟ್ಟದಲ್ಲೂ ಗದ್ದಲದ ಎದುರು ಅರ್ಧ ಭಾಗ ದಾಟುತ್ತದೆ. ವೈರಿಯ ಎದುರು ಸಾಧ್ಯವೆಂದು ಸಾಧಿಸಲಾಗಿರುವುದು ಕಾಲು ಭಾಗದಷ್ಟು ಮಾತ್ರ. ಹೀಗಿರುವಾಗ ತಪ್ಪು ತಪ್ಪೇ ಎನ್ನಲಾದೀತೆ?

ಈ ವ್ಯತ್ಯಾಸ ಕಾಗದದ ಮೇಲಿನದ್ದಲ್ಲ ಎಂಬುದಕ್ಕೆ ಬಂಟ್ವಾಳದ ಬಿ.ಸಿ. ರೋಡಿನ ಯಾವ ಅಂಗಡಿಯ ಕ್ಯೂಆರ್ ಕೋಡನ್ನು ನೋಡಿದರೂ ಸಾಕು. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಹುಟ್ಟಿದ ಈ ಚೌಕದೊಳಗೆ ಇರುವುದೂ ರೀಡ್-ಸಾಲೊಮನ್ ಕೋಡೇ. ತಿದ್ದುವ ಶಕ್ತಿಯಲ್ಲಿ ಅದಕ್ಕೆ ನಾಲ್ಕು ಮಟ್ಟಗಳಿವೆ: ಸುಮಾರು 7, 15, 25 ಮತ್ತು 30 ಶೇಕಡ. ಮೀನಿನ ಅಂಗಡಿಯ ಒದ್ದೆ ಕೈ, ಬಿಸಿಲಿಗೆ ಮಾಸಿದ ಶಾಯಿ, ಅಂಚಿನ ಹರುಕು ಇವನ್ನೆಲ್ಲ ಅದು ತಡೆದುಕೊಳ್ಳುತ್ತದೆ. ಆದರೆ ಕೆಡಿಸಬೇಕೆಂದೇ ಬಂದವನಿಗೆ ಮೂರು ದಾರಿಗಳಿವೆ.

1. ಕೋಡಿನ ಬೈಟ್‌ಗಳನ್ನು ದೊಡ್ಡ ಚೌಕಗಳಲ್ಲಿ ಹಲವು ಕಂತೆಗಳಾಗಿ ಒಡೆದು, ಒಂದರ ನಡುವೆ ಒಂದನ್ನು ಹೆಣೆದಿರುತ್ತಾರೆ. ಕಲೆ ಬಿದ್ದರೆ ಹಾನಿ ಎಲ್ಲ ಕಂತೆಗಳಿಗೂ ಹಂಚಿಹೋಗಲಿ ಎಂಬುದು ಇದರ ಉದ್ದೇಶ. ಹೆಣಿಗೆಯ ಕ್ರಮ ಬಲ್ಲವನು ಒಂದೇ ಕಂತೆಯ ಬೈಟ್‌ಗಳನ್ನು ಹುಡುಕಿ ಅಳಿಸುತ್ತಾನೆ. ನಾಲ್ಕು ಸಮ ಕಂತೆಗಳಿದ್ದರೆ 30 ಶೇಕಡದ ರಕ್ಷಣೆ ಅವನ ಎದುರು ಸುಮಾರು 8 ಶೇಕಡಕ್ಕೆ ಕುಸಿಯುತ್ತದೆ.

2. ಮೂರು ಮೂಲೆಗಳ ದೊಡ್ಡ ಚೌಕಗಳು ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಕ್ಯಾಮೆರಾಕ್ಕೆ ಹೇಳುವ ಗುರುತುಗಳು. ಅವುಗಳಿಗೆ ತಪ್ಪು ತಿದ್ದುವ ರಕ್ಷಣೆ ಇಲ್ಲ. ಅವನ್ನು ಮಸಿ ಬಳಿದು ಮುಚ್ಚಿದರೆ ಒಳಗಿನ ಕೋಡ್ ಎಷ್ಟೇ ಬಲವಾಗಿದ್ದರೂ ಅದಕ್ಕೆ ಕೆಲಸ ಮಾಡುವ ಸರದಿಯೇ ಬರುವುದಿಲ್ಲ.

3. ಎಲ್ಲಕ್ಕಿಂತ ಸುಲಭದ್ದು, ಅಂಗಡಿಯವನ ಕೋಡಿನ ಮೇಲೆ ತನ್ನ ಕೋಡಿನ ಸ್ಟಿಕ್ಕರ್ ಅಂಟಿಸುವುದು. ದೇಶದ ಹಲವೆಡೆ ನಡೆದಿರುವ ವಂಚನೆ ಇದು. ಇಲ್ಲಿ ಮೂಲದ ಅಷ್ಟೂ ಬದಲಾಗಿದೆ, ಆದರೆ ಕೋಡಿನ ಕಣ್ಣಿಗೆ ಒಂದು ತಪ್ಪೂ ಇಲ್ಲ. ಸ್ಟಿಕ್ಕರ್ ಪರಿಶುದ್ಧವಾದ ಇನ್ನೊಂದು ಸಂದೇಶ. ಗಿರಾಕಿಯನ್ನು ಕಾಪಾಡುವುದೇನಾದರೂ ಇದ್ದರೆ ಅದು ಹಣ ಕಳುಹಿಸುವ ಮೊದಲು ಪರದೆಯ ಮೇಲೆ ಕಾಣುವ ಹೆಸರು, ಅಂಗಡಿಯವನ ಮೇಜಿನ ಮೇಲೆ ಮೊತ್ತ ಕೂಗಿ ಹೇಳುವ ಪೆಟ್ಟಿಗೆ.

ಮೂರನೆಯ ದಾರಿ ಒಂದು ಸೂಕ್ಷ್ಮವನ್ನು ಬಯಲಿಗೆಳೆಯುತ್ತದೆ. ಸಂದೇಶ ಕೆಡದೆ ಬಂತೆ ಎಂಬುದು ಒಂದು ಪ್ರಶ್ನೆ, ಬರಬೇಕಾದವರಿಂದಲೇ ಬಂತೆ ಎಂಬುದು ಇನ್ನೊಂದು. ಗದ್ದಲದ ಜಗತ್ತಿನಲ್ಲಿ ಇವೆರಡೂ ಒಂದೇ, ಏಕೆಂದರೆ ಗದ್ದಲ ಆಕಸ್ಮಿಕವಾಗಿ ಇನ್ನೊಬ್ಬರ ಪರಿಶುದ್ಧ ಸಂದೇಶವನ್ನು ರಚಿಸುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ವೈರಿಯ ಜಗತ್ತಿನಲ್ಲಿ ಅವೆರಡು ಬೇರೆಯಾಗುತ್ತವೆ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯದ್ದೂ ಇದೇ ಕಥೆ: ವೆರ್‌ಹಫ್ ವಿಧಾನದ ಆ ತಾಳೆಯಂಕಿ ಒಂದು ಅಂಕಿ ತಪ್ಪಿ ಬರೆದದ್ದನ್ನೂ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದದ್ದನ್ನೂ ತಪ್ಪದೆ ಹಿಡಿಯುತ್ತದೆ. ಆದರೆ ವಿಧಾನ ಬಲ್ಲ ಯಾರಾದರೂ ತಾಳೆ ಕೂಡುವ ಸುಳ್ಳು ಸಂಖ್ಯೆಯನ್ನು ಹೆಣೆಯಬಹುದು. ಕೈ ತಪ್ಪನ್ನು ಹಿಡಿಯುವುದಕ್ಕೆ ಮಾಡಿದ್ದನ್ನು ಕೈಚಳಕದ ವಿರುದ್ಧ ನಿಲ್ಲಿಸಲಾಗದು.

ಜಾಮರ್‌ಗಳ ಮಾತಿಗೆ ಬರೋಣ. ಮಂಗಳೂರಿನ ಕೋಡಿಯಾಲ್‌ಬೈಲಿನ ಜೈಲಿನಲ್ಲಿ ಅಳವಡಿಸಿದ ಜಾಮರ್‌ನಿಂದ ಸುತ್ತಲಿನ ಮನೆ, ಅಂಗಡಿ, ಕಚೇರಿಗಳಲ್ಲೂ ನೆಟ್‌ವರ್ಕ್ ಸಿಗುತ್ತಿಲ್ಲವೆಂದು 2025ರಲ್ಲಿ ಜನ ಪ್ರತಿಭಟಿಸಿದ್ದುಂಟು. ಟವರಿನ ಶಕ್ತಿ ಹೆಚ್ಚಿಸಿದರೆ ಆಗದೆ ಎಂದು ಕೇಳುವವರು ದೂರದ ಲೆಕ್ಕವನ್ನು ನೋಡಬೇಕು. ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ; ಕಟ್ಟಡಗಳ ನಡುವೆ ಇನ್ನೂ ಬೇಗ. ಟವರ್ ಎರಡು ಕಿಲೋಮೀಟರ್ ಆಚೆ, ಜಾಮರ್ ನೂರು ಮೀಟರ್ ಈಚೆ ಇದ್ದರೆ ದೂರದಲ್ಲಿ ಇಪ್ಪತ್ತು ಪಟ್ಟು ವ್ಯತ್ಯಾಸ, ಬಲದಲ್ಲಿ ನಾನೂರು ಪಟ್ಟು. ಒಂದು ವಾಟ್‌ನ ಜಾಮರ್‌ಗೆ ಸಮನಾಗಲು ಟವರ್ ನಾನೂರು ವಾಟ್ ಸುರಿಯಬೇಕು. ಜೊತೆಗೆ ಫೋನು ಟವರನ್ನು ಗುರುತಿಸುವುದು ಸಮಯ ಹೊಂದಿಸುವ ಕೆಲವು ನಿಗದಿತ ಸಂಕೇತಗಳಿಂದ. ಅವು ಎಲ್ಲಿ, ಯಾವಾಗ ಬರುತ್ತವೆ ಎಂಬುದು ಜಗತ್ತಿಗೇ ಪ್ರಕಟವಾದ ಮಾನದಂಡದಲ್ಲಿದೆ. ಕ್ಯೂಆರ್ ಕೋಡಿಗೆ ಮೂರು ಮೂಲೆ ಹೇಗೋ ಮೊಬೈಲಿಗೆ ಈ ಸಂಕೇತಗಳು ಹಾಗೆ. ಜಾಣ ಜಾಮರ್ ಇಡೀ ಮಾತುಕತೆಯನ್ನು ಮುಳುಗಿಸಬೇಕಿಲ್ಲ, ಪರಿಚಯವನ್ನು ತಪ್ಪಿಸಿದರೆ ಸಾಕು.

ಇಲ್ಲಿ ಒಂದು ತೂಕದ ಆಕ್ಷೇಪ ಏಳುತ್ತದೆ. ನಿಜ ಜೀವನದ ಜಾಮರ್‌ಗಳು ಕೋಡ್‌ರೂಪ ಓದಿ, ದೂರ ಅಳೆದು, ಆಯ್ದ ಬಿಟ್ ತಿರುಗಿಸುವ ಸರ್ವಜ್ಞರಲ್ಲ; ಹೆಚ್ಚಿನವು ಕುರುಡಾಗಿ ಸದ್ದು ಕಾರುವ ಪೆಟ್ಟಿಗೆಗಳು. ಅವನ್ನು ಜೋರು ಮಳೆಯೆಂದೇ ಬಗೆದರೆ ತಪ್ಪೇನು? ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದು ಪ್ರಚಲಿತ ನಂಬಿಕೆಯನ್ನಲ್ಲ, ನನ್ನ ವಾದವನ್ನೇ ಬಲಪಡಿಸುತ್ತದೆ. ಕುರುಡು ಜಾಮರ್ ಮಳೆಗೆ ಸಮ ಎಂದರೆ, ಅವನನ್ನು ಮಳೆಗೆ ಸಮನಾಗಿಸಿದ್ದು ಅವನ ಕುರುಡುತನ, ನಮ್ಮ ಕೋಡಲ್ಲ. ಹಾಗಾದರೆ ಕಣ್ಣಿರುವವನನ್ನು ಕುರುಡಾಗಿಸುವುದು ಹೇಗೆ ಎಂಬುದೇ ಸರಿಯಾದ ಪ್ರಶ್ನೆ. ಉತ್ತರ: ಗುಟ್ಟು. ಕಳುಹಿಸುವವನೂ ಪಡೆಯುವವನೂ ಒಂದು ಗುಟ್ಟಿನ ಕ್ರಮವನ್ನು ಮೊದಲೇ ಹಂಚಿಕೊಂಡು, ಅದರಂತೆ ಬಿಟ್‌ಗಳ ಜಾಗಗಳನ್ನು ಕಲಸಿ ಕಳುಹಿಸಿದರೆ, ವೈರಿ ಎಲ್ಲೇ ಹೊಡೆದರೂ ಪಡೆಯುವವನು ಕ್ರಮ ಬಿಡಿಸಿದಾಗ ಆ ಪೆಟ್ಟುಗಳು ಚೆಲ್ಲಾಪಿಲ್ಲಿಯಾಗಿ ಹರಡಿರುತ್ತವೆ. ವೈರಿ ಮಳೆಯಾದ, ಇನ್ನು ಶ್ಯಾನನ್‌ನ ಕೋಡ್ ತನ್ನ ಕೆಲಸ ಮಾಡಬಹುದು. ರಿಚರ್ಡ್ ಲಿಪ್ಟನ್ 1994ರಲ್ಲಿ ಈ ವಿಚಾರವನ್ನು ಸ್ಪಷ್ಟವಾಗಿ ಮಂಡಿಸಿದರು. ಅಲೆಯಿಂದ ಅಲೆಗೆ ಗುಟ್ಟಾಗಿ ಜಿಗಿಯುವ ಉಪಾಯದ ತಿರುಳೂ ಇದೇ. ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಪಡೆದ ಪೇಟೆಂಟಿನಲ್ಲಿ ಟಾರ್ಪಿಡೊ ನಡೆಸುವ ಸಂಕೇತ 88 ಕಂಪನಾಂಕಗಳ ನಡುವೆ ಜಿಗಿಯುತ್ತದೆ. ರಕ್ಷಣೆ ಇರುವುದು ಜಿಗಿತದಲ್ಲಲ್ಲ, ಮುಂದಿನ ಜಿಗಿತ ಎಲ್ಲಿಗೆಂದು ವೈರಿಗೆ ಗೊತ್ತಿಲ್ಲದಿರುವುದರಲ್ಲಿ.

ಗುಟ್ಟಿಲ್ಲದಿದ್ದರೆ ಎಲ್ಲವೂ ಸೋತಂತೆಯೆ? ಹಾಗೂ ಅಲ್ಲ. ಕಳುಹಿಸಿದ್ದನ್ನು ಕಾಣಲಾರದ ಜಾಮರ್‌ನ ಎದುರು ಗುಟ್ಟಿಲ್ಲದ ಕೋಡಿನ ಸಾಮರ್ಥ್ಯ ಒಂದೋ ಸೊನ್ನೆ, ಇಲ್ಲವೇ ಗುಟ್ಟಿದ್ದಾಗಿನಷ್ಟೇ ಎಂದು ರುಡಾಲ್ಫ್ ಆಲ್ಸ್‌ವೇಡೆ 1978ರಲ್ಲಿ ತೋರಿಸಿದರು. ಸೊನ್ನೆಯಾಗುವುದು ಯಾವಾಗ ಎಂಬುದನ್ನು 1988ರಲ್ಲಿ ಇಮ್ರೆ ಚಿಸಾರ್ ಮತ್ತು ಪ್ರಕಾಶ್ ನಾರಾಯಣ್ ಬಿಡಿಸಿದರು: ಜಾಮರ್ ತಾನೇ ಕಳುಹಿಸುವವನೆಂಬಂತೆ ಸೋಗು ಹಾಕಲು ಸಾಧ್ಯವಾದಾಗ. ಅಂಗಡಿಯ ಸ್ಟಿಕ್ಕರ್‌ನಲ್ಲಿ ಕಂಡ ಅದೇ ಬಿರುಕು ಇಲ್ಲಿ ಪ್ರಮೇಯವಾಗಿ ನಿಂತಿದೆ. ಎಲ್ಲವನ್ನೂ ಕಾಣುವ ವೈರಿಯ ಎದುರೂ ಒಂದು ದಾರಿಯಿದೆ. ಒಂದೇ ಉತ್ತರದ ಹಟ ಬಿಟ್ಟು, ಸಾಧ್ಯವಿರುವ ಉತ್ತರಗಳ ಚಿಕ್ಕ ಪಟ್ಟಿಯನ್ನು ಒಪ್ಪಿಕೊಂಡರೆ ಕಾಲು ಭಾಗದ ಗಡಿ ಅರ್ಧದ ಹತ್ತಿರಕ್ಕೆ ಸರಿಯುತ್ತದೆ. ಪೀಟರ್ ಇಲಾಯಸ್ 1957ರಲ್ಲಿ ಮುಂದಿಟ್ಟ ಈ ಯೋಚನೆಗೆ ರೀಡ್-ಸಾಲೊಮನ್ ಕೋಡ್‌ಗಳ ಮಟ್ಟಿಗೆ ವೇಗದ ಲೆಕ್ಕವಿಧಾನ ಕೊಟ್ಟವರು 1997ರಲ್ಲಿ ಮಧು ಸೂದನ್, 1999ರಲ್ಲಿ ವೆಂಕಟೇಶನ್ ಗುರುಸ್ವಾಮಿ ಅವರ ಜೊತೆಗೂಡಿ. ಪಟ್ಟಿಯಲ್ಲಿ ನಿಜವಾದದ್ದನ್ನು ಆರಿಸಲು ಡಿಜಿಟಲ್ ಸಹಿ ಮತ್ತು ಹಳೆಯ ಸಂದೇಶವನ್ನೇ ಮತ್ತೆ ಬಿಡದಂತೆ ಒಂದು ಕ್ರಮಸಂಖ್ಯೆ ಸಾಕು. ಇಲ್ಲೂ ಕೋಡ್ ಒಂಟಿಯಾಗಿ ಗೆದ್ದಿಲ್ಲ ಎಂಬುದನ್ನು ಗಮನಿಸಬೇಕು: ಕೋಡ್ ಪಟ್ಟಿ ಕೊಟ್ಟಿತು, ಸಹಿ ತೀರ್ಮಾನ ಕೊಟ್ಟಿತು.

ಹಾಗಾದರೆ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳುಹಿಸಿದರಾಯಿತಲ್ಲ ಎಂಬುದು ಮುಂದಿನ ಆಕ್ಷೇಪ. ಗೂಢಲಿಪಿ ಒಳಗಿನದನ್ನು ಮರೆಮಾಡುತ್ತದೆ, ದಾರಿಯನ್ನು ತೆರೆದಿಡುವುದಿಲ್ಲ. ಕದ್ದು ಓದುವವನಿಗೂ ತಡೆಯುವವನಿಗೂ ಬೇರೆ ಬೇರೆ ಮದ್ದು. ಅದಕ್ಕಿಂತ ದೊಡ್ಡ ತೊಡಕೆಂದರೆ ಎಲ್ಲರಿಗೂ ಕೇಳಬೇಕಾದದ್ದನ್ನು ಗುಟ್ಟಾಗಿಡಲು ಬರುವುದಿಲ್ಲ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಸಂಚಾಲನ ಕೇಂದ್ರವಿರುವ, ಉಪಗ್ರಹಗಳಿಂದ ಸ್ಥಳ ತಿಳಿಸುವ ನಾವಿಕ್ ವ್ಯವಸ್ಥೆಯನ್ನು ನೋಡಿ. ಅದರಲ್ಲಿ ಎಲ್ಲರಿಗೂ ತೆರೆದ ಸೇವೆಯೊಂದು, ಗೂಢಲಿಪಿಯ ಸೀಮಿತ ಸೇವೆಯೊಂದು. ತೆರೆದ ಸೇವೆಯಲ್ಲಿ ಸೆಕೆಂಡಿಗೆ 50 ಸಂಕೇತಗಳನ್ನು ಸೆಕೆಂಡಿಗೆ 10.23 ಲಕ್ಷ ತುಣುಕುಗಳಾಗಿ ಹರಡಿ ಕಳುಹಿಸುತ್ತಾರೆ; ಹರಡುವ ಕ್ರಮ ಗೊತ್ತಿಲ್ಲದ ಗದ್ದಲ ಇದರಿಂದ ಸುಮಾರು 20 ಸಾವಿರ ಪಟ್ಟು ಕುಗ್ಗುತ್ತದೆ. ದೊಡ್ಡ ಸಂಖ್ಯೆಯೇ. ಆದರೆ ಉಪಗ್ರಹ 36 ಸಾವಿರ ಕಿಲೋಮೀಟರ್ ಮೇಲಿದ್ದು ಜಾಮರ್ ಒಂದೇ ಕಿಲೋಮೀಟರ್ ದೂರದಲ್ಲಿದ್ದರೆ ದೂರದಿಂದಲೇ ಅವನಿಗೆ ಸಿಗುವ ಲಾಭ ಸುಮಾರು 130 ಕೋಟಿ ಪಟ್ಟು. ಕ್ರಮ ಪ್ರಕಟವಾಗಿರುವುದರಿಂದ ಅದನ್ನೇ ಅನುಕರಿಸುವವನಿಗಂತೂ ಆ 20 ಸಾವಿರದ ಅಡ್ಡಿಯೂ ಇಲ್ಲ. ಇಲ್ಲಿ ತೆರೆದ ಸೇವೆಯನ್ನು ದೂರುವುದು ಸರಿಯಲ್ಲ; ತೆರೆದಿರುವುದರ ಬೆಲೆ ಅದು.

ಇದರಿಂದ ಹೊರಡುವ ಸಾರ್ವಜನಿಕ ತೀರ್ಮಾನವೊಂದಿದೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದ್ದನ್ನೂ ಬೆಳ್ತಂಗಡಿಯ ಊರುಗಳಿಗೆ ನೆರೆ ನುಗ್ಗಿದ್ದನ್ನೂ ಕಂಡವರಿಗೆ, 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಪರೀಕ್ಷೆಗೆಂದು ಮೊಳಗಿದ ತುರ್ತು ಎಚ್ಚರಿಕೆಯ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಅಂಥ ಎಚ್ಚರಿಕೆಗೆ ಸಹಿ ಇರಬಹುದು, ಗುಟ್ಟು ಇರಲಾರದು. ಒಂದೇ ಟವರಿನಿಂದ ಅದನ್ನು ಮೂರು ಸಲ ಕಳುಹಿಸುವುದು ಮೂರು ಪಟ್ಟು ಭದ್ರತೆಯಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಳಾ ಗ್ರಂಥಗಳ ಇತಿಹಾಸ ಇದನ್ನು ಚೆನ್ನಾಗಿ ಕಲಿಸುತ್ತದೆ. ಜೈನಾಚಾರ್ಯ ವೀರಸೇನರ ಆ ಟೀಕೆ ಶತಮಾನಗಳ ಕಾಲ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲೇ ಉಳಿದಿತ್ತು. 1939ರಿಂದ ಹೀರಾಲಾಲ್ ಜೈನ್ ಅದನ್ನು ಸಂಪಾದಿಸಿ ಅಚ್ಚು ಮಾಡಿಸತೊಡಗಿದಾಗ ಕೈಯಲ್ಲಿದ್ದದ್ದು ಮೂಡುಬಿದಿರೆಯ ಗರಿಗಳಿಂದ ಇಳಿದುಬಂದ ಹಲವು ಊರುಗಳ ಪ್ರತಿಗಳು. ಆ ಪ್ರತಿಗಳನ್ನು ಹೋಲಿಸಿ ಆಯಾ ಬರಹಗಾರನ ಕೈತಪ್ಪನ್ನು ತಿದ್ದಬಹುದು. ಆದರೆ ಎಲ್ಲಕ್ಕೂ ತಾಯಿಯಾದ ಒಂದೇ ಪ್ರತಿಯಲ್ಲಿ ಬಿಟ್ಟುಹೋದದ್ದು ಎಲ್ಲದರಲ್ಲೂ ಬಿಟ್ಟುಹೋಗಿರುತ್ತದೆ. ಮೂಲ ಗರಿಗಳೊಂದಿಗೆ ತಾಳೆ ನೋಡದೆ ಅದಕ್ಕೆ ಪರಿಹಾರವಿಲ್ಲ. ಪ್ರತಿಗಳ ಸಂಖ್ಯೆಯಲ್ಲ, ಅವು ಒಂದನ್ನೊಂದು ಅವಲಂಬಿಸದಿರುವುದೇ ಬಲ. ಎಚ್ಚರಿಕೆಯೂ ಅಷ್ಟೇ: ಮೊಬೈಲ್, ಆಕಾಶವಾಣಿ, ಸೈರನ್, ಪಂಚಾಯಿತಿಯ ಮೈಕು ಕಟ್ಟಿದ ಜೀಪು, ಇವು ಬೇರೆ ಬೇರೆ ದಾರಿಗಳು, ಎಲ್ಲವನ್ನೂ ಒಟ್ಟಿಗೆ ಕೆಡಿಸುವುದು ಮಳೆಗೂ ಕಷ್ಟ, ವೈರಿಗೂ ದುಬಾರಿ. ಶಕ್ತಿಗೆ ಮಿತಿಯೇ ಇಲ್ಲದ ಜಾಮರ್‌ನ ಎದುರು ಯಾವ ಕೋಡೂ ನಿಲ್ಲದು. ಅಲ್ಲಿ ನೆರವಿಗೆ ಬರುವುದು ಖಾಸಗಿಯವರು ಜಾಮರ್ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು, ಮತ್ತು ಸದ್ದು ಮಾಡದೆ ಕೆಡಿಸಲಾಗದ್ದರಿಂದ ಆ ಸದ್ದೇ ಅವನ ಜಾಗವನ್ನು ತೋರಿಸಿಕೊಡುತ್ತದೆ ಎಂಬ ಭೌತಶಾಸ್ತ್ರ.

ಕೊನೆಯ ಆಕ್ಷೇಪ ಮಿತವ್ಯಯದ್ದು. ಎಲ್ಲೆಲ್ಲೂ ವೈರಿಯನ್ನು ಕಲ್ಪಿಸಿಕೊಂಡು ಕಟ್ಟಿದರೆ ಖರ್ಚು ಏರುತ್ತದೆ, ವೇಗ ಇಳಿಯುತ್ತದೆ, ಸಂಶಯವೇ ನೀತಿಯಾಗುತ್ತದೆ. ಒಪ್ಪಬೇಕಾದ ಮಾತು. ಡಿಶ್ ಟಿವಿಯ ಧಾರಾವಾಹಿಗೆ ವೈರಿಯಿಲ್ಲ, ಅಲ್ಲಿ ಸರಾಸರಿಯ ಕೋಡೇ ಸರಿ. ಅತಿ ಕೆಟ್ಟ ಸಂದರ್ಭಕ್ಕೆಂದು ಅರ್ಧ ಸಾಮರ್ಥ್ಯವನ್ನು ಬಿಟ್ಟುಕೊಡುವುದು ಮೂರ್ಖತನ. ನನ್ನ ತಕರಾರು ಸರಾಸರಿಯ ಕೋಡಿನ ಮೇಲಲ್ಲ, ಅದರ ಶೇಕಡವಾರು ಸಂಖ್ಯೆಯನ್ನು ಸಂದರ್ಭದಿಂದ ಕಿತ್ತು ಭರವಸೆಯಾಗಿ ಮಾರುವುದರ ಮೇಲೆ. ನೂರಕ್ಕೆ ಇಷ್ಟು ತಪ್ಪು ತಿದ್ದುತ್ತದೆ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಬೇಕು: ತಪ್ಪು ಮಾಡುವವನಿಗೆ ಗುರಿಯಿದೆಯೆ? ಅವನು ಏನನ್ನು ಕಾಣಬಲ್ಲ? ನಮಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದ್ದು ಏನಿದೆ? ಮೊದಲನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಆ ಸಂಖ್ಯೆಯನ್ನು ನಂಬಿ ನಿಶ್ಚಿಂತೆಯಿಂದಿರಬಹುದು. ಇದೆ ಎಂದಾದರೆ, ಉಳಿದೆರಡಕ್ಕೆ ಉತ್ತರ ಸಿಗುವವರೆಗೆ ಆ ಸಂಖ್ಯೆ ಏನನ್ನೂ ಹೇಳುತ್ತಿಲ್ಲ.